ಓಪನ್‌ಪಿಜಿಪಿ ಆವೃತ್ತಿಗಳ ಹೊಂದಾಣಿಕೆ

ಓಪನ್‌ಪಿಜಿಪಿ ಆವೃತ್ತಿಗಳ ಹೊಂದಾಣಿಕೆ ಎಂದರೆ ಪಿಜಿಪಿ, ಗ್ನೂಪಿಜಿ ಮತ್ತು ಅವುಗಳ ಮಾದರಿಯನ್ನು ಅನುಸರಿಸುವ ಗೂಢಲಿಪೀಕರಣ ತಂತ್ರಾಂಶಗಳ ಒಂದು ಆವೃತ್ತಿಯು ರಚಿಸಿದ ಕೀಲಿ, ಗೂಢಸಂದೇಶ ಅಥವಾ ಡಿಜಿಟಲ್ ಸಹಿಯನ್ನು ಇನ್ನೊಂದು ಆವೃತ್ತಿಯು ಸರಿಯಾಗಿ ಓದಿ ಬಳಸಬಲ್ಲ ಸಾಮರ್ಥ್ಯ. ಅಮೆರಿಕದ ಫಿಲಿಪ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿಯನ್ನು ಬಿಡುಗಡೆ ಮಾಡಿದಂದಿನಿಂದ ಈ ಹೊಂದಾಣಿಕೆಯು ಹಲವು ಬಾರಿ ಮುರಿದಿದೆ. ಮುರಿದ ಕಾರಣಗಳು ಒಂದೇ ಬಗೆಯವಲ್ಲ. 1994ರಲ್ಲಿ ಪೇಟೆಂಟ್ ವಿವಾದ, 1997ರಲ್ಲಿ ಕ್ರಮಾವಳಿಗಳ ಬದಲಾವಣೆ, 2014 ಮತ್ತು 2018ರಲ್ಲಿ ಭದ್ರತೆಯ ಅಗತ್ಯ, 2023ರಿಂದೀಚೆಗೆ ಮಾನಕವನ್ನು ಕುರಿತ ಭಿನ್ನಾಭಿಪ್ರಾಯ ಇದಕ್ಕೆ ಕಾರಣವಾಗಿವೆ.

ಸಾಮಾನ್ಯ ತಂತ್ರಾಂಶದಲ್ಲಿ ಹಳೆಯ ಕಡತ ತೆರೆಯದಿದ್ದರೆ ಅದು ದೋಷವೆನಿಸುತ್ತದೆ. ಗೂಢಲಿಪಿ ತಂತ್ರಾಂಶದಲ್ಲಾದರೋ ಹಳೆಯದನ್ನು ಒಪ್ಪದಿರುವುದು ಎಷ್ಟೋ ವೇಳೆ ಉದ್ದೇಶಪೂರ್ವಕವಾದ ರಕ್ಷಣಾಕ್ರಮವಾಗಿರುತ್ತದೆ. ದುರ್ಬಲವಾದ ಹಳೆಯ ವಿಧಾನವನ್ನು ಉಳಿಸಿಕೊಂಡರೆ ವಂಚಕನಿಗೆ ದಾರಿಯಾಗುತ್ತದೆ. ಕೈಬಿಟ್ಟರೆ ಹಳೆಯ ಗೂಢಕಡತಗಳ ಒಡೆಯರು ತಮ್ಮದೇ ದಾಖಲೆಗಳನ್ನು ಓದಲಾರದೆ ಉಳಿಯಬಹುದು.

ಸಮಸ್ಯೆಯ ಸ್ವರೂಪ

ಓಪನ್‌ಪಿಜಿಪಿ ಪದ್ಧತಿಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಎರಡು ಕೀಲಿಗಳಿರುತ್ತವೆ. ಎಲ್ಲರಿಗೂ ಹಂಚಬಹುದಾದ ಸಾರ್ವಜನಿಕ ಕೀಲಿಯಿಂದ ಸಂದೇಶವನ್ನು ಗೂಢಗೊಳಿಸಲಾಗುತ್ತದೆ. ತನ್ನಲ್ಲಿಯೇ ಇಟ್ಟುಕೊಳ್ಳುವ ಖಾಸಗಿ ಕೀಲಿಯಿಂದ ಅದನ್ನು ಬಿಡಿಸಲಾಗುತ್ತದೆ. ಸಹಿಯ ವಿಷಯದಲ್ಲಿ ಇದು ತಿರುಗುಮುರುಗು: ಖಾಸಗಿ ಕೀಲಿಯಿಂದ ಸಹಿ, ಸಾರ್ವಜನಿಕ ಕೀಲಿಯಿಂದ ಪರಿಶೀಲನೆ. ವಾಸ್ತವದಲ್ಲಿ ಒಂದು ಗೂಢಸಂದೇಶದೊಳಗೆ ಹಲವು ಅಂಗಗಳಿರುತ್ತವೆ. ಸಂದೇಶವನ್ನು ಮುಚ್ಚಲು ಆ ಒಂದು ಬಾರಿಗೆ ಮಾತ್ರ ಸೃಷ್ಟಿಸಿದ ತಾತ್ಕಾಲಿಕ ಕೀಲಿ, ಆ ಕೀಲಿಯನ್ನು ಮುಚ್ಚುವ ಸಾರ್ವಜನಿಕ ಕೀಲಿಯ ಕ್ರಮಾವಳಿ, ಪಠ್ಯವನ್ನು ಮುಚ್ಚುವ ಸಂಕೇತಕ್ರಮ, ಸಂಕೋಚನ ವಿಧಾನ, ಸಹಿಗೆ ಬೇಕಾದ ಹ್ಯಾಶ್ ಕ್ರಮ, ಇವೆಲ್ಲವನ್ನೂ ಜೋಡಿಸಿಡುವ ಪ್ಯಾಕೆಟ್‌ಗಳ ವಿನ್ಯಾಸ. ಇವುಗಳಲ್ಲಿ ಯಾವುದೊಂದು ಸ್ವೀಕರಿಸುವವನ ತಂತ್ರಾಂಶಕ್ಕೆ ತಿಳಿಯದಿದ್ದರೂ ಸಂದೇಶ ತೆರೆಯದೆ ಅಥವಾ ಸಹಿ ಪರಿಶೀಲನೆಯಾಗದೆ ಹೋಗಬಹುದು.

ಜಾಲತಾಣವೊಂದನ್ನು ಸಂಪರ್ಕಿಸುವಾಗ ಎರಡು ಗಣಕಗಳೂ ಆ ಕ್ಷಣದಲ್ಲೇ ಪರಸ್ಪರ ವಿಚಾರಿಸಿ, ಇಬ್ಬರಿಗೂ ತಿಳಿದ ವಿಧಾನವೊಂದನ್ನು ಆರಿಸಿಕೊಳ್ಳುತ್ತವೆ. ಅಂಚೆಗೆ ಹಾಕಿದ ಕಾಗದದಂತಿರುವ ಓಪನ್‌ಪಿಜಿಪಿ ಸಂದೇಶಕ್ಕೆ ಆ ಅನುಕೂಲವಿಲ್ಲ. ಕಳುಹಿಸುವವನು ಬರೆಯುವಾಗ ಪಡೆಯುವವನು ಎದುರಿಗಿರುವುದಿಲ್ಲ. ಸಂದೇಶವನ್ನು ನಾಳೆ ತೆರೆಯಬಹುದು, ಇಪ್ಪತ್ತು ವರ್ಷಗಳ ನಂತರವೂ ತೆರೆಯಬಹುದು. ಈ ಕೊರತೆಯನ್ನು ನೀಗಿಸಲು ಸಾರ್ವಜನಿಕ ಕೀಲಿಯೊಳಗೇ ಒಂದು ಆದ್ಯತಾಪಟ್ಟಿಯನ್ನು ಇಡಲಾಗುತ್ತದೆ. ‘ನನ್ನ ತಂತ್ರಾಂಶಕ್ಕೆ ಈ ಈ ಕ್ರಮಗಳು ತಿಳಿದಿವೆ’ ಎಂದು ಕೀಲಿಯ ಒಡೆಯನು ಸಹಿ ಮಾಡಿ ತಿಳಿಸುವ ಹೇಳಿಕೆಯಿದು. ಹಲವರಿಗೆ ಒಟ್ಟಿಗೆ ಕಳುಹಿಸುವಾಗ ಎಲ್ಲರ ಪಟ್ಟಿಗಳಲ್ಲಿಯೂ ಇರುವ ಕ್ರಮವನ್ನು ಆರಿಸಬೇಕು. ಬೇರೇನೂ ಹೊಂದದಿದ್ದರೆ ಟ್ರಿಪಲ್ ಡೆಸ್ ಎಂಬ ಸಂಕೇತಕ್ರಮವನ್ನು ಬಳಸಬೇಕೆಂದು 1998ರ ಮತ್ತು 2007ರ ಮಾನಕಗಳು ವಿಧಿಸಿದ್ದವು.

ಪಟ್ಟಿಯು ಕೀಲಿಗೆ ಅಂಟಿಕೊಂಡಿರುತ್ತದೆಯೇ ಹೊರತು ತಂತ್ರಾಂಶಕ್ಕಲ್ಲ. ಬಳಕೆದಾರನು ಒಂದು ತಂತ್ರಾಂಶದಲ್ಲಿ ಸೃಷ್ಟಿಸಿದ ಕೀಲಿಯನ್ನು ಇನ್ನೊಂದಕ್ಕೆ ಒಯ್ದರೆ ಪಟ್ಟಿ ಹಳೆಯದೇ ಉಳಿಯುತ್ತದೆ, ಮತ್ತು ಹೊಸ ತಂತ್ರಾಂಶಕ್ಕೆ ತಿಳಿಯದ ವಿಧಾನದಲ್ಲಿ ಅವನಿಗೆ ಸಂದೇಶಗಳು ಬರತೊಡಗುತ್ತವೆ. ಇಂದಿಗೂ ಎದುರಾಗುವ ತೊಡಕುಗಳಲ್ಲಿ ಹಲವು ಇದೇ ಬಗೆಯವು.

1994ರ ದಿನಾಂಕ

ಪಿಜಿಪಿಯ ಮೊದಲ ಆವೃತ್ತಿಯಲ್ಲಿ ಝಿಮ್ಮರ್‌ಮನ್ ಸ್ವತಃ ರೂಪಿಸಿದ ಬ್ಯಾಸ್-ಒ-ಮ್ಯಾಟಿಕ್ ಎಂಬ ಸಂಕೇತಕ್ರಮವಿತ್ತು. ಗೂಢಲಿಪಿ ತಜ್ಞ ಎಲಿ ಬಿಹಾಮ್ ಅದರ ದೌರ್ಬಲ್ಯಗಳನ್ನು ತೋರಿಸಿಕೊಟ್ಟರು. 1992ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಆವೃತ್ತಿಯು ಅದನ್ನು ತ್ಯಜಿಸಿ, ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಐಡಿಯಾ ಎಂಬ ಕ್ರಮವನ್ನು ಅಳವಡಿಸಿಕೊಂಡಿತು. ಬಳಕೆದಾರರು ಇನ್ನೂ ಕೆಲವರೇ ಇದ್ದುದರಿಂದ ಈ ಮೊದಲ ಮುರಿತ ಹೆಚ್ಚು ಸದ್ದು ಮಾಡಲಿಲ್ಲ.

ಎರಡನೆಯದು ಹಾಗಲ್ಲ. ಪಿಜಿಪಿಯು ಬಳಸುತ್ತಿದ್ದ ಆರ್‌ಎಸ್‌ಎ ಕ್ರಮಾವಳಿಗೆ ಅಮೆರಿಕದಲ್ಲಿ ಪೇಟೆಂಟ್ ಇತ್ತು. ಇತರ ದೇಶಗಳಲ್ಲಿ ಇರಲಿಲ್ಲ. ಪೇಟೆಂಟಿನ ಹಕ್ಕುದಾರರ ದೃಷ್ಟಿಯಲ್ಲಿ 2.3ರವರೆಗಿನ ಉಚಿತ ಆವೃತ್ತಿಗಳು ಅಮೆರಿಕದೊಳಗೆ ಅನಧಿಕೃತವಾಗಿದ್ದವು. ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1994ರ ಮೇ ತಿಂಗಳಲ್ಲಿ ಪಿಜಿಪಿ 2.6 ಆವೃತ್ತಿಯನ್ನು ಹೊರತಂದು ಈ ಕಗ್ಗಂಟನ್ನು ಬಿಡಿಸಿತು. ಅದು ಪೇಟೆಂಟ್ ಹಕ್ಕುದಾರರ ಪರವಾನಗಿಯಿದ್ದ ಆರ್‌ಎಸ್‌ಎ-ರೆಫ್ ಎಂಬ ತಂತ್ರಾಂಶ ಸಂಗ್ರಹವನ್ನು ಬಳಸುತ್ತಿತ್ತು. ಪರವಾನಗಿಯ ಜೊತೆಗೆ ಇನ್ನೊಂದು ಏರ್ಪಾಡೂ ಇತ್ತು: 1994ರ ಸೆಪ್ಟೆಂಬರ್ 1ರಿಂದ 2.6 ಆವೃತ್ತಿಯು ಬರೆಯುವ ಸಂದೇಶ, ಸಹಿ ಮತ್ತು ಕೀಲಿಗಳನ್ನು 2.3 ಹಾಗೂ ಅದಕ್ಕಿಂತ ಹಳೆಯ ಆವೃತ್ತಿಗಳು ಓದಲಾಗದಂತೆ ಮಾಡಲಾಗಿತ್ತು. ಹಳೆಯ ಆವೃತ್ತಿಯವರು ಹೊಸದಕ್ಕೆ ಬರಲೇಬೇಕಾಗಲಿ ಎಂಬುದೇ ಇದರ ಉದ್ದೇಶ.

ಬದಲಾದದ್ದು ಏನೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಕ್ರಮಾವಳಿಗಳು ಬದಲಾಗಲಿಲ್ಲ, ಕೀಲಿಯ ಗಾತ್ರ ಬದಲಾಗಲಿಲ್ಲ, ಗಣಿತವೂ ಹಿಂದಿನದೇ. ಪ್ಯಾಕೆಟ್‌ನ ಆರಂಭದಲ್ಲಿ ಆವೃತ್ತಿಯನ್ನು ಸೂಚಿಸುವ ಒಂದು ಬೈಟ್ ಮಾತ್ರ 2ರ ಬದಲು 3 ಎಂದಾಯಿತು. ಗಣಕದ ಗಡಿಯಾರ ನಿಗದಿತ ದಿನವನ್ನು ದಾಟಿದೊಡನೆ ತಂತ್ರಾಂಶವು 3 ಎಂದು ಬರೆಯತೊಡಗುತ್ತಿತ್ತು; ಹಳೆಯ ತಂತ್ರಾಂಶವು ಆ ಅಂಕಿಯನ್ನು ಕಂಡು ‘ಇದು ನನಗೆ ತಿಳಿಯದು’ ಎಂದು ಹಿಂದೆ ಸರಿಯುತ್ತಿತ್ತು. ತಾಂತ್ರಿಕ ಕಾರಣವೇ ಇಲ್ಲದೆ, ಕೇವಲ ಕಾನೂನಿನ ಒತ್ತಡದಿಂದ ಉಂಟುಮಾಡಿದ ಅಸಾಮರಸ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಪಿಜಿಪಿಯ ಇತಿಹಾಸದಲ್ಲಿ ಇನ್ನೊಂದಿಲ್ಲ. ನಂತರದ ಮಾನಕಗಳಲ್ಲಿ ಎರಡನೆಯ ಹಾಗೂ ಮೂರನೆಯ ಆವೃತ್ತಿಯ ಕೀಲಿಗಳನ್ನು ಒಂದೇ ರಚನೆಯವೆಂದು ವಿವರಿಸಿರುವುದು ಈ ಕಾರಣಕ್ಕಾಗಿಯೇ.

ಅಮೆರಿಕದ ಹೊರಗಿನವರ ಪಾಡು ಇನ್ನೂ ವಿಚಿತ್ರವಾಗಿತ್ತು. ಅವರಿಗೆ ಆರ್‌ಎಸ್‌ಎ ಪೇಟೆಂಟ್ ಅನ್ವಯಿಸುತ್ತಿರಲಿಲ್ಲ. ಆದರೆ ಅಮೆರಿಕವು ಬಲವಾದ ಗೂಢಲಿಪಿ ತಂತ್ರಾಂಶವನ್ನು ಯುದ್ಧಸಾಮಗ್ರಿಯ ಪಟ್ಟಿಯಲ್ಲಿ ಸೇರಿಸಿದ್ದುದರಿಂದ 2.6ನ್ನು ರಫ್ತು ಮಾಡುವುದು ನಿಷಿದ್ಧವಾಗಿತ್ತು. ಪಿಜಿಪಿ ದೇಶದಾಚೆ ಹರಡಿದ್ದಕ್ಕಾಗಿ ಝಿಮ್ಮರ್‌ಮನ್ ವಿರುದ್ಧವೇ 1993ರಲ್ಲಿ ಆರಂಭವಾದ ತನಿಖೆಯು 1996ರ ಜನವರಿಯಲ್ಲಿ ಆರೋಪಪಟ್ಟಿಯಿಲ್ಲದೆ ಮುಕ್ತಾಯಗೊಂಡಿತು. ಅಷ್ಟರಲ್ಲಿ ಹೊರಗಿನ ಸ್ವಯಂಸೇವಕರು 2.6 ಬರೆದುದನ್ನು ಓದಬಲ್ಲ ತಮ್ಮದೇ ಆವೃತ್ತಿಗಳನ್ನು ಸಿದ್ಧಪಡಿಸಿಕೊಂಡಿದ್ದರು. ಅವುಗಳಲ್ಲಿ ನಾರ್ವೆಯಿಂದ ಬಂದ 2.6.3ಐ ಹೆಚ್ಚು ಪ್ರಚಲಿತವಾಯಿತು.

ಪಿಜಿಪಿ 5 ಮತ್ತು ಮಾನಕದ ರಚನೆ

1997ರಲ್ಲಿ ಬಂದ ಪಿಜಿಪಿ 5.0 ನಾಲ್ಕನೆಯ ಆವೃತ್ತಿಯ ಕೀಲಿಗಳನ್ನು ಬಳಕೆಗೆ ತಂದಿತು. ಆರ್‌ಎಸ್‌ಎ ಬದಲು ಸಹಿಗೆ ಡಿಎಸ್‌ಎ, ಗೂಢಲಿಪೀಕರಣಕ್ಕೆ ಡಿಫಿ-ಹೆಲ್ಮನ್ ಎಂಬ ಹೆಸರಿನಡಿ ಎಲ್‌ಗಮಾಲ್, ಎಂಡಿ5 ಬದಲು ಎಸ್‌ಎಚ್‌ಎ-1, ಐಡಿಯಾ ಬದಲು ಕಾಸ್ಟ್5 ಬಂದವು. ಈ ಬಾರಿ ಸಕಾರಣವಾದ ಸುಧಾರಣೆಗಳಿದ್ದವು. ಡಿಫಿ-ಹೆಲ್ಮನ್ ಪೇಟೆಂಟ್ ಅದೇ ವರ್ಷ ಕೊನೆಗೊಂಡದ್ದೂ ಒಂದು ಅನುಕೂಲ. ಆದರೆ 2.6 ಬಳಸುತ್ತಿದ್ದವರಿಗೆ ಹೊಸ ಕೀಲಿಗಳು ಕೀಲಿಗಳೆಂದೇ ತೋರಲಿಲ್ಲ. ಆ ಆವೃತ್ತಿಯನ್ನು ನೆಚ್ಚಿಕೊಂಡಿದ್ದ ಗಣನೀಯ ಸಂಖ್ಯೆಯ ಬಳಕೆದಾರರು ವರ್ಷಗಟ್ಟಲೆ ಮುಂದಕ್ಕೆ ಬರಲೇ ಇಲ್ಲ.

ಈ ಒಡಕು ಸಾಮಾನ್ಯ ಬಳಕೆದಾರನನ್ನು ಹೇಗೆ ಗೊಂದಲಗೊಳಿಸಿತೆಂಬುದಕ್ಕೆ ಆಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನವು ಸಾಕ್ಷಿಯಾಗಿದೆ. ಪಿಜಿಪಿ 5.0 ಬಳಸಿ ಸಹಿ ಮಾಡಿದ ಗೂಢಪತ್ರವೊಂದನ್ನು ತಂಡದ ಸದಸ್ಯರಿಗೆ ಕಳುಹಿಸುವಂತೆ 12 ಮಂದಿಗೆ ತಿಳಿಸಲಾಗಿತ್ತು. ಒಂದೂವರೆ ಗಂಟೆಯ ಅವಧಿಯಲ್ಲಿ ಅದನ್ನು ಸರಿಯಾಗಿ ಮಾಡಿದವರು ಮೂರನೆಯ ಒಂದು ಭಾಗದಷ್ಟು ಜನ ಮಾತ್ರ. ಕಾಲ್ಪನಿಕ ತಂಡದ ಸದಸ್ಯರೊಬ್ಬರಿಗೆ ಹಳೆಯ ಆರ್‌ಎಸ್‌ಎ ಕೀಲಿಯನ್ನು ಕೊಡಲಾಗಿತ್ತು. ಒಂದೇ ತಂತ್ರಾಂಶದೊಳಗೆ ಎರಡು ಜಾತಿಯ ಕೀಲಿಗಳು ಏಕಿವೆಯೆಂಬುದು ಸುಲಭವಾಗಿ ಅರ್ಥವಾಗುವ ಸಂಗತಿಯಾಗಿರಲಿಲ್ಲ.

ಪಿಜಿಪಿಯ ವಿನ್ಯಾಸವನ್ನು ಒಂದು ಕಂಪನಿಯ ಸೊತ್ತಾಗಿ ಉಳಿಸದೆ ಸಾರ್ವಜನಿಕ ಮಾನಕವಾಗಿಸುವ ಕೆಲಸ ಇದೇ ಕಾಲದಲ್ಲಿ ನಡೆಯಿತು. 1998ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 2440 ಎಂಬ ದಾಖಲೆಯ ಮೂಲಕ ‘ಓಪನ್‌ಪಿಜಿಪಿ’ ಎಂಬ ಹೆಸರು ಮಾನ್ಯತೆ ಪಡೆಯಿತು. 2007ರ ಆರ್‌ಎಫ್‌ಸಿ 4880 ಅದರ ಪರಿಷ್ಕೃತ ರೂಪ. ಜರ್ಮನಿಯ ವೆರ್ನರ್ ಕೋಖ್ 1997ರಲ್ಲಿ ಆರಂಭಿಸಿದ ಗ್ನೂ ಪ್ರೈವೆಸಿ ಗಾರ್ಡ್, ಅಂದರೆ ಗ್ನೂಪಿಜಿ, ಈ ಮಾನಕವನ್ನು ಅನುಸರಿಸಿದ ಮುಕ್ತ ತಂತ್ರಾಂಶ, ಅದರ 1.0 ಆವೃತ್ತಿಯು 1999ರ ಸೆಪ್ಟೆಂಬರ್‌ನಲ್ಲಿ ಬಂದಿತು. ಪೇಟೆಂಟಿಗೆ ಒಳಪಟ್ಟಿದ್ದ ಐಡಿಯಾವನ್ನು ಗ್ನೂಪಿಜಿ ಸೇರಿಸಿಕೊಳ್ಳಲಿಲ್ಲ. ಪರಿಣಾಮವಾಗಿ ಪಿಜಿಪಿ 2 ಬರೆದ ಸಂದೇಶಗಳನ್ನು ಓದಲು ಬಳಕೆದಾರರು ಬೇರೊಂದು ಪೂರಕ ಘಟಕವನ್ನು ತಾವೇ ಹುಡುಕಿ ಜೋಡಿಸಿಕೊಳ್ಳಬೇಕಾಗಿತ್ತು. ಪೇಟೆಂಟಿನ ಅವಧಿ ಮುಗಿದ ಬಳಿಕ, 2012ರಲ್ಲಿ, ಐಡಿಯಾ ಗ್ನೂಪಿಜಿಯೊಳಗೆ ಬಂದಿತು. ಹೊಸ ಸಂದೇಶಗಳಿಗೆ ಅದು ಯಾರಿಗೂ ಬೇಕಿರಲಿಲ್ಲ. ಹಳೆಯದನ್ನು ಓದಲು ಮಾತ್ರ ಉಪಯೋಗಕ್ಕೆ ಬಂದಿತು.

ಗ್ನೂಪಿಜಿ 2.1

2014ರ ನವೆಂಬರ್‌ನಲ್ಲಿ ಹೊರಬಂದ ಗ್ನೂಪಿಜಿ 2.1 ಎರಡು ದೊಡ್ಡ ಬದಲಾವಣೆಗಳನ್ನು ತಂದಿತು. ಮೊದಲನೆಯದಾಗಿ, ಪಿಜಿಪಿ 2 ಕಾಲದ ಮೂರನೆಯ ಆವೃತ್ತಿಯ ಕೀಲಿಗಳ ಬೆಂಬಲವನ್ನು ಪೂರ್ತಿಯಾಗಿ ತೆಗೆದುಹಾಕಿತು. ಆ ಕೀಲಿಗಳ ಬೆರಳಚ್ಚು, ಅಂದರೆ ಕೀಲಿಯನ್ನು ಗುರುತಿಸುವ ಸಂಖ್ಯೆ, ದುರ್ಬಲವಾದ ಎಂಡಿ5ನ್ನು ಆಧರಿಸಿತ್ತು. ಅಲ್ಲದೆ ಬೇರೊಬ್ಬರ ಕೀಲಿಯ ಕಿರುಸಂಖ್ಯೆಯನ್ನೇ ಹೋಲುವ ನಕಲಿ ಕೀಲಿಯನ್ನು ತಯಾರಿಸುವುದು ಸುಲಭವಾಗಿತ್ತು. ಹಳೆಯ ದತ್ತಾಂಶವುಳ್ಳವರು 1.4 ಶಾಖೆಯನ್ನು ಬಳಸಬೇಕೆಂದು ತಂಡವು ಸೂಚಿಸಿತು. 1.4 ಇನ್ನೂ ದೊರೆಯುತ್ತಿರುವುದು ಮುಖ್ಯವಾಗಿ ಈ ಕಾರಣದಿಂದ.

ಎರಡನೆಯದು ಖಾಸಗಿ ಕೀಲಿಗಳನ್ನು ಇಡುವ ಸ್ಥಳಕ್ಕೆ ಸಂಬಂಧಿಸಿದ್ದು. ಹಿಂದೆ ಅವು ಒಂದೇ ಕಡತದಲ್ಲಿರುತ್ತಿದ್ದವು, 2.1 ಅವುಗಳನ್ನು ಪ್ರತ್ಯೇಕ ಕಡತಕೋಶಕ್ಕೆ ಸಾಗಿಸಿತು. ಈ ಸಾಗಣೆ ಒಮ್ಮೆ ಮಾತ್ರ ನಡೆಯುತ್ತದೆ. ಒಂದೇ ಗಣಕದಲ್ಲಿ ಹಳೆಯದನ್ನೂ ಹೊಸದನ್ನೂ ಇಟ್ಟುಕೊಂಡು, ಸಾಗಣೆಯ ನಂತರ ಒಂದರಲ್ಲಿ ಹೊಸ ಕೀಲಿ ಸೃಷ್ಟಿಸಿದರೆ ಅದು ಇನ್ನೊಂದಕ್ಕೆ ಕಾಣಿಸುವುದಿಲ್ಲ. ಕೀಲಿ ಕಳೆದುಹೋಯಿತೆಂದು ಬಳಕೆದಾರರು ಗಾಬರಿಗೊಳ್ಳುವ ಸಂದರ್ಭಗಳಲ್ಲಿ ಹಲವಕ್ಕೆ ಇದೇ ಮೂಲ. ಒಂದರಿಂದ ರಫ್ತು ಮಾಡಿ ಇನ್ನೊಂದಕ್ಕೆ ಆಮದು ಮಾಡಿದರೆ ತೊಂದರೆ ನಿವಾರಣೆಯಾಗುತ್ತದೆ.

ಭದ್ರತೆಗಾಗಿ ನಿರಾಕರಣೆ

ಗೂಢಸಂದೇಶವನ್ನು ಬಿಡಿಸುವುದಕ್ಕೂ ಸಹಿಯನ್ನು ಪರಿಶೀಲಿಸುವುದಕ್ಕೂ ಹೊಂದಾಣಿಕೆಯ ದೃಷ್ಟಿಯಿಂದ ಮಹತ್ತ್ವದ ಅಂತರವಿದೆ. ದುರ್ಬಲ ಕ್ರಮದಲ್ಲಿ ಮುಚ್ಚಿದ ಹಳೆಯ ಪತ್ರವನ್ನು ಅದರ ಒಡೆಯನು ಇಂದು ಓದಿದರೆ ಸಾಮಾನ್ಯವಾಗಿ ಹೊಸ ಹಾನಿಯೇನೂ ಆಗದು. ಗುಟ್ಟು ರಟ್ಟಾಗುವುದಿದ್ದರೆ ಅದು ಎಂದೋ ಆಗಿರುತ್ತದೆ. ದುರ್ಬಲ ಕ್ರಮದ ಸಹಿಯನ್ನು ಒಪ್ಪಿದರೆ ಮಾತ್ರ ಇಂದು ಯಾರೋ ಸೃಷ್ಟಿಸಿದ ನಕಲಿಯನ್ನೂ ಅಸಲಿಯೆಂದು ಒಪ್ಪಿದಂತಾಗುತ್ತದೆ. ಆದುದರಿಂದ ಸಹಿಗಳ ವಿಷಯದಲ್ಲಿ ಹಳೆಯದನ್ನು ಬೇಗ ಕೈಬಿಡುವುದೂ, ಬಿಡಿಸುವ ವಿಷಯದಲ್ಲಿ ಆದಷ್ಟು ಉಳಿಸಿಕೊಳ್ಳುವುದೂ ಯುಕ್ತವೆನಿಸುತ್ತದೆ. ತಂತ್ರಾಂಶಗಳು ಈ ವಿವೇಚನೆಯನ್ನು ಎಲ್ಲ ಕಾಲದಲ್ಲೂ ಪಾಲಿಸಿವೆಯೆಂದು ಹೇಳಲಾಗದು.

2017ರ ಫೆಬ್ರುವರಿಯಲ್ಲಿ ಎಸ್‌ಎಚ್‌ಎ-1 ಕ್ರಮದಲ್ಲಿ ಒಂದೇ ಹ್ಯಾಶ್ ಬರುವ ಎರಡು ಭಿನ್ನ ಕಡತಗಳನ್ನು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಪ್ರದರ್ಶಿಸಿದರು. 2020ರ ಜನವರಿಯಲ್ಲಿ ಗೇಟಾನ್ ಲೊರಾಂ ಮತ್ತು ಥಾಮಸ್ ಪೆರಿನ್ ಇದಕ್ಕಿಂತ ಪ್ರಬಲವಾದ ದಾಳಿಯನ್ನು ಪಿಜಿಪಿ ಕೀಲಿಗಳ ಮೇಲೆಯೇ ಮಾಡಿ ತೋರಿಸಿದರು: ಒಬ್ಬನ ಕೀಲಿಗೆ ಪಡೆದ ದೃಢೀಕರಣ ಸಹಿಯನ್ನು ಇನ್ನೊಬ್ಬನ ಹೆಸರಿನ ಕೀಲಿಗೆ ವರ್ಗಾಯಿಸಬಹುದಾಗಿತ್ತು. ಗ್ನೂಪಿಜಿಯು ಇದಕ್ಕೆ ಮೊದಲೇ, 2.2.18 ಆವೃತ್ತಿಯಲ್ಲಿ, ಇತರರ ಕೀಲಿಗಳ ಮೇಲೆ 2019ರ ಜನವರಿ 19ರ ನಂತರ ಮಾಡಿದ ಎಸ್‌ಎಚ್‌ಎ-1 ಸಹಿಗಳನ್ನು ಕಡೆಗಣಿಸತೊಡಗಿತ್ತು. ಅದಕ್ಕೂ ಹಿಂದಿನ ಸಹಿಗಳನ್ನು ಉಳಿಸಿಕೊಂಡದ್ದು ಔದಾರ್ಯದಿಂದಲ್ಲ. ಈ ದಾಳಿಗೆ ಪ್ರಾಮಾಣಿಕ ವ್ಯಕ್ತಿಯೊಬ್ಬನಿಂದ ಹೊಸದಾಗಿ ಸಹಿ ಹಾಕಿಸಿಕೊಳ್ಳಬೇಕಾಗುವುದರಿಂದ, ದಾಳಿ ಸಾಧ್ಯವಾಗುವ ಮೊದಲು ಬಿದ್ದ ಸಹಿಗಳಿಗೆ ಇದರ ಸೋಂಕಿಲ್ಲ.

ಬೇರೆ ತಂತ್ರಾಂಶಗಳು ಹೆಚ್ಚು ಕಠಿಣವಾಗಿ ವರ್ತಿಸಿದವು. 2023ರಲ್ಲಿ ಬಂದ ಫೆಡೋರಾ 38 ಲಿನಕ್ಸ್ ವಿತರಣೆಯು ಪ್ಯಾಕೇಜ್‌ಗಳ ಸಹಿ ಪರಿಶೀಲನೆಗೆ ಸಿಕ್ವೊಯಾ ಎಂಬ ಹೊಸ ಓಪನ್‌ಪಿಜಿಪಿ ತಂತ್ರಾಂಶವನ್ನು ಅಳವಡಿಸಿಕೊಂಡಾಗ, ಹಳೆಯ ಕ್ರಮದಲ್ಲಿ ಸಹಿ ಮಾಡಿದ್ದ ಹೊರಗಿನ ಪ್ಯಾಕೇಜ್‌ಗಳು ಒಮ್ಮೆಲೇ ತಿರಸ್ಕೃತವಾದವು. ಪ್ಯಾಕೇಜ್‌ಗಳು ಕೆಟ್ಟಿರಲಿಲ್ಲ, ಸಹಿಯ ಮೇಲಿನ ವಿಶ್ವಾಸದ ಮಟ್ಟ ಬದಲಾಗಿತ್ತು.

ಗೂಢಸಂದೇಶಗಳ ಕಡೆ ಇಂತಹ ಸಂದರ್ಭ 2018ರ ಮೇ ತಿಂಗಳಲ್ಲಿ ಒದಗಿತು. ಜರ್ಮನಿ ಮತ್ತು ಬೆಲ್ಜಿಯಂನ ಸಂಶೋಧಕರು ಇ-ಫೇಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ದಾಳಿಯಲ್ಲಿ, ದಾರಿಯಲ್ಲಿ ಹಿಡಿದ ಗೂಢಪತ್ರವನ್ನು ತಿದ್ದಿ, ಪಡೆಯುವವನ ಮಿಂಚಂಚೆ ತಂತ್ರಾಂಶವೇ ಪಠ್ಯವನ್ನು ಹೊರಗೆ ಸೋರಿಸುವಂತೆ ಮಾಡಬಹುದಾಗಿತ್ತು. ಸಂದೇಶವನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ಪತ್ತೆಹಚ್ಚುವ ಎಂಡಿಸಿ ಎಂಬ ಗುರುತು ಓಪನ್‌ಪಿಜಿಪಿಯಲ್ಲಿ ಮೊದಲೇ ಇತ್ತು. ಅದಿಲ್ಲದ ಹಳೆಯ ಸಂದೇಶಗಳನ್ನು ಗ್ನೂಪಿಜಿ ಎಚ್ಚರಿಕೆಯೊಂದನ್ನು ನೀಡಿ ತೆರೆಯುತ್ತಿತ್ತು. ಕೆಲವು ಮಿಂಚಂಚೆ ತಂತ್ರಾಂಶಗಳು ಆ ಎಚ್ಚರಿಕೆಯನ್ನು ಗಮನಿಸುತ್ತಿರಲಿಲ್ಲ. ಹಳೆಯದಕ್ಕೆ ತೋರಿದ ರಿಯಾಯಿತಿಯೇ ಇಲ್ಲಿ ದಾಳಿಕೋರನಿಗೆ ದಾರಿಯಾಯಿತು. ಮುಂದಿನ ತಿಂಗಳೇ ಬಂದ 2.2.8 ಆವೃತ್ತಿಯು ಎಂಡಿಸಿ ಇಲ್ಲದ ಸಂದೇಶವನ್ನು ದೋಷವೆಂದೇ ಪರಿಗಣಿಸಿತು. ಹಳೆಯ ಸಂಗ್ರಹವನ್ನು ಓದಬೇಕಾದವರು ‘ಇಗ್ನೋರ್-ಎಂಡಿಸಿ-ಎರರ್’ ಎಂಬ ಆಯ್ಕೆಯನ್ನು ತಾವಾಗಿಯೇ ಕೊಡಬೇಕು.

2023ರ ನಂತರದ ಕವಲು

ಆರ್‌ಎಫ್‌ಸಿ 4880ರ ಪರಿಷ್ಕರಣೆಯ ಸಂದರ್ಭದಲ್ಲಿ ಕಾರ್ಯಪಡೆಗೂ ಗ್ನೂಪಿಜಿ ತಂಡಕ್ಕೂ ಒಮ್ಮತ ಮೂಡಲಿಲ್ಲ. ಹಿಂದಿನ ಕರಡುಗಳನ್ನು ಅನುಸರಿಸಿ ಗ್ನೂಪಿಜಿ 2.3 ಆವೃತ್ತಿಯು 2021ರಲ್ಲೇ ಐದನೆಯ ಆವೃತ್ತಿಯ ಕೀಲಿಗಳನ್ನೂ ಒಸಿಬಿ ಎಂಬ ಹೊಸ ಗೂಢಲಿಪೀಕರಣ ವಿಧಾನವನ್ನೂ ಅಳವಡಿಸಿಕೊಂಡಿತ್ತು. ಕಾರ್ಯಪಡೆಯು ಮುಂದೆ ವಿನ್ಯಾಸವನ್ನು ಬದಲಿಸಿತು. ಬದಲಾವಣೆಗಳು ಅನಗತ್ಯವೆಂದು ವಾದಿಸಿದ ಕೋಖ್ 2023ರ ಕೊನೆಯಲ್ಲಿ ಲಿಬ್ರೆಪಿಜಿಪಿ ಎಂಬ ಪ್ರತ್ಯೇಕ ವಿನ್ಯಾಸವನ್ನು ಮುಂದಿಟ್ಟರು. ಕಾರ್ಯಪಡೆಯ ಆವೃತ್ತಿಯು 2024ರ ಜುಲೈಯಲ್ಲಿ ಆರ್‌ಎಫ್‌ಸಿ 9580 ಆಗಿ ಪ್ರಕಟವಾಯಿತು. ಅದು ಐದನೆಯ ಸಂಖ್ಯೆಯನ್ನು ಬಿಟ್ಟು ಆರನೆಯ ಆವೃತ್ತಿಯ ಕೀಲಿಗಳನ್ನು ವಿಧಿಸುತ್ತದೆ. ಸಿಕ್ವೊಯಾ, ಓಪನ್‌ಪಿಜಿಪಿ.ಜೆಎಸ್ ಮುಂತಾದವು ಈ ಮಾನಕದ ಕಡೆಗಿವೆ. ಎರಡೂ ಪಂಗಡಗಳ ವಾದಗಳಲ್ಲಿ ತಾಂತ್ರಿಕವಾಗಿ ಹುರುಳಿದೆ. ಎರಡೂ ಕಡೆಯ ತಂತ್ರಾಂಶಗಳು ಒಪ್ಪುವ ಸಮಾನ ಭೂಮಿಕೆಯೆಂದರೆ ನಾಲ್ಕನೆಯ ಆವೃತ್ತಿಯ ಕೀಲಿ.

ಆ ಭೂಮಿಕೆಯಲ್ಲೂ ಒಂದು ತೊಡಕಿದೆ. ಗ್ನೂಪಿಜಿ 2.3ರಲ್ಲಿ ಸೃಷ್ಟಿಸಿದ ಕೀಲಿಯ ಆದ್ಯತಾಪಟ್ಟಿಯಲ್ಲಿ ಒಸಿಬಿ ನಮೂದಾಗಿರುತ್ತದೆ. ಆ ಕೀಲಿಯನ್ನು ಥಂಡರ್‌ಬರ್ಡ್‌ನಂತಹ ಬೇರೆ ತಂತ್ರಾಂಶಕ್ಕೆ ಒಯ್ದು ಬಳಸುವವರಿಗೆ, ಗ್ನೂಪಿಜಿಯಿಂದ ಬರುವ ಒಸಿಬಿ ಸಂದೇಶಗಳು ತೆರೆಯದೆ ಹೋಗಬಹುದು. 2020ರಲ್ಲಿ ಬಂದ ಥಂಡರ್‌ಬರ್ಡ್ 78, ಹಿಂದೆ ಎನಿಗ್‌ಮೇಲ್ ಮೂಲಕ ಗ್ನೂಪಿಜಿಯನ್ನು ಅವಲಂಬಿಸಿದ್ದ ವ್ಯವಸ್ಥೆಯನ್ನು ಬಿಟ್ಟು ಆರ್‌ಎನ್‌ಪಿ ಎಂಬ ಬೇರೆ ಸಂಗ್ರಹವನ್ನು ಬಳಸತೊಡಗಿದ್ದರಿಂದ ಇಂತಹ ವಲಸೆ ಅಪರೂಪವಲ್ಲ. ಕೀಲಿಯ ಆದ್ಯತಾಪಟ್ಟಿಯಿಂದ ಒಸಿಬಿಯನ್ನು ತೆಗೆದು, ತಿದ್ದಿದ ಸಾರ್ವಜನಿಕ ಕೀಲಿಯನ್ನು ಮತ್ತೆ ಹಂಚುವುದೇ ಇದಕ್ಕೆ ಪರಿಹಾರ.

ಕನ್ನಡ ಪಠ್ಯ ಮತ್ತು ಸಹಿ

ಸಹಿಯು ಅಕ್ಷರಗಳಿಗಲ್ಲ, ಅಕ್ಷರಗಳನ್ನು ಸೂಚಿಸುವ ಬೈಟ್‌ಗಳಿಗೆ ಬೀಳುತ್ತದೆ. ಆದ್ದರಿಂದ ತಂತ್ರಾಂಶದ ಆವೃತ್ತಿ ಒಂದೇ ಆಗಿದ್ದರೂ ಪಠ್ಯದ ಸಂಕೇತೀಕರಣ ಬದಲಾದರೆ ಸಹಿ ಅಸಿಂಧುವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ವಿಶೇಷ ಅವಕಾಶವಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಯುನಿಕೋಡ್‌ಪೂರ್ವ ಫಾಂಟ್‌ಗಳಲ್ಲಿ ಬರೆದ ದಾಖಲೆಯನ್ನು ಯುನಿಕೋಡ್‌ಗೆ ಪರಿವರ್ತಿಸಿದರೆ ಓದುಗನಿಗೆ ಒಂದಕ್ಷರವೂ ಬದಲಾಗದಂತೆ ಕಾಣುತ್ತದೆ, ಆದರೆ ಹಳೆಯ ಸಹಿ ಹೊಂದುವುದಿಲ್ಲ.

ಯುನಿಕೋಡ್ ಒಳಗೂ ಇದೇ ತೊಡಕು ಸೂಕ್ಷ್ಮರೂಪದಲ್ಲಿದೆ. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನವೆಂದು ಪರಿಗಣಿಸುತ್ತದೆ. ದೀರ್ಘ ಈಕಾರ, ಏಕಾರ, ಐಕಾರ, ಓಕಾರಗಳದ್ದೂ ಹೀಗೆಯೇ. ಪಠ್ಯವು ಸಾಗುವ ದಾರಿಯಲ್ಲಿ ಯಾವುದೋ ತಂತ್ರಾಂಶ ಒಂದು ರೂಪವನ್ನು ಇನ್ನೊಂದಕ್ಕೆ ಬದಲಿಸಿದರೆ ಸಹಿ ಮುರಿಯುತ್ತದೆ. ಓಪನ್‌ಪಿಜಿಪಿಯು ಪಠ್ಯರೂಪದ ಸಹಿಗಳಲ್ಲಿ ಸಾಲಿನ ಕೊನೆಯ ಗುರುತುಗಳ ವ್ಯತ್ಯಾಸವನ್ನು ಸರಿದೂಗಿಸುತ್ತದೆಯಾದರೂ ಈ ವ್ಯತ್ಯಾಸವನ್ನು ಸರಿದೂಗಿಸುವುದಿಲ್ಲ. ಕನ್ನಡದ ದಾಖಲೆಯನ್ನು ಕಡತವಾಗಿಯೇ ಇಟ್ಟು, ಸಹಿಯನ್ನು ಪ್ರತ್ಯೇಕ ಕಡತದಲ್ಲಿ ಪಡೆಯುವುದು ಹೆಚ್ಚು ಸುರಕ್ಷಿತ. ರಹಸ್ಯಪದವನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ: ಬೇರೊಂದು ಕೀಲಿಮಣೆ ವಿನ್ಯಾಸದಲ್ಲಿ ಟೈಪಿಸಿದ ಅದೇ ಪದ ಬೇರೆ ಬೈಟ್‌ಗಳಾಗಿ, ಕೀಲಿ ತೆರೆಯದಿರಬಹುದು.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ ಅಡಿಯಲ್ಲಿ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳು ನೀಡುವ ಡಿಜಿಟಲ್ ಸಹಿ ಪ್ರಮಾಣಪತ್ರಗಳು ಎಕ್ಸ್.509 ಎಂಬ ಬೇರೆಯೇ ಮಾದರಿಯವು. ಎರಡರ ಗಣಿತ ಒಂದೇ ಇದ್ದರೂ ಅವುಗಳಿಂದ ಮಾಡಿದ ಸಹಿಯನ್ನು ಓಪನ್‌ಪಿಜಿಪಿ ಸಹಿಯಾಗಿ ಪರಿಶೀಲಿಸಲು ಬರುವುದಿಲ್ಲ.

ಹಳೆಯ ಕಡತಗಳ ಸಂರಕ್ಷಣೆ

ಕೀಲಿಯ ಅವಧಿ ಮುಗಿದರೆ ಅದರಿಂದ ಹಳೆಯ ಸಂದೇಶಗಳನ್ನು ಬಿಡಿಸಲಾಗದೆಂಬ ತಪ್ಪುಕಲ್ಪನೆ ವ್ಯಾಪಕವಾಗಿದೆ. ಅವಧಿಯು ಹೊಸ ಬಳಕೆಯನ್ನು ಮಾತ್ರ ನಿರ್ಬಂಧಿಸುತ್ತದೆ. ಹಳೆಯ ಖಾಸಗಿ ಕೀಲಿಯನ್ನು ನಾಶಪಡಿಸಿದರೆ ಮಾತ್ರ ಆ ಕೀಲಿಗೆ ಮುಚ್ಚಿದ ಎಲ್ಲ ಕಡತಗಳೂ ಶಾಶ್ವತವಾಗಿ ಕೈತಪ್ಪುತ್ತವೆ.

ಪಿಜಿಪಿ 2 ಕಾಲದ ಕಡತಗಳನ್ನು ಜಾಲಸಂಪರ್ಕವಿಲ್ಲದ ಗಣಕದಲ್ಲಿ ಗ್ನೂಪಿಜಿ 1.4 ಬಳಸಿ ಬಿಡಿಸಿ, ಇಂದಿನ ಕೀಲಿಗೆ ಮತ್ತೆ ಗೂಢಗೊಳಿಸಿ ಇಡುವುದು ಸಾಧ್ಯ. ಸಹಿಗಳಿಗೆ ಇಂತಹ ನವೀಕರಣವಿಲ್ಲ: ಮತ್ತೆ ಸಹಿ ಮಾಡಿದರೆ ಅದು ಇಂದಿನ ದಿನಾಂಕದ ಬೇರೆ ಸಹಿಯಾಗುತ್ತದೆ, ಮೂಲ ಸಹಿದಾರರು ಇಲ್ಲವಾಗಿದ್ದರೆ ಅದೂ ಅಸಾಧ್ಯ. ಇಂತಹಲ್ಲಿ ಮೂಲ ಕಡತ, ಮೂಲ ಸಹಿ ಮತ್ತು ಆ ಕಾಲದ ಸಾರ್ವಜನಿಕ ಕೀಲಿ ಮೂರನ್ನೂ ಬದಲಿಸದೆ ಉಳಿಸಿ, ಇವುಗಳನ್ನು ಇಂತಹ ದಿನ ಇಂತಹ ಆವೃತ್ತಿಯಲ್ಲಿ ಪರಿಶೀಲಿಸಲಾಯಿತೆಂಬ ಟಿಪ್ಪಣಿಗೆ ಹೊಸ ಕೀಲಿಯಿಂದ ಸಹಿ ಹಾಕಿ ಜೊತೆಗಿಡಬಹುದು. ಪರಿಶೀಲಿಸಬಲ್ಲ ಹಳೆಯ ತಂತ್ರಾಂಶ ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಮುಗಿದಿರಬೇಕಾಗುತ್ತದೆ.